ಒಣಗುವ ತನಕ

ಅವಳು ಚಪ್ಪಲಿ ಹುಡುಕುತ್ತಿದ್ದಳು. ಬಾಗಿಲ ಬಳಿ ಬಂದವರ ಚಪ್ಪಲಿ, ಬೂಟುಗಳು ರಾಶಿ ಬಿದ್ದಿದ್ದವು. ತನ್ನದು ಯಾವುದರಡಿ ಸೇರಿಕೊಂಡಿದೆಯೋ ಕಾಣಲಿಲ್ಲ. ಯಾರದೋ ಒಂದು ಜೊತೆಗೆ ಕಾಲು ತೂರಿಸುವಷ್ಟರಲ್ಲಿ ಪಕ್ಕದ ಇಸ್ತ್ರಿ ಅಂಗಡಿಯವಳು ಹಿಂದಿನಿಂದ ಬಂದು ರಟ್ಟೆ ಹಿಡಿದಳು.

"ಎಲ್ಲಿಗೆ ಹೊರಟ್ರಿ ಅಕ್ಕ? ಬನ್ನಿ, ಒಳಗೆ ಕೂತ್ಕೊಳ್ಳಿ."

"ಆ ವ್ಯಾನಿನ ಲೈಟು ನೋಡಬೇಕು. ಒಂದು ನಿಮಿಷ ಬಿಡೇ."

"ಈಗ ಯಾವ ಲೈಟಕ್ಕ? ಒಳಗೆ ಅವರನ್ನ ಮಲಗಿಸಿದಾರೆ, ನೀವು ಲೈಟು ಅಂತೀರಲ್ಲ."

ಮನೆ ಮುಂದೆ ಕುರ್ಚಿ, ಟೆಂಟು ಬಾಡಿಗೆಗೆ ಕೊಡುವವನ ನೀಲಿ ವ್ಯಾನು ನಿಂತಿತ್ತು. ಕೆಲಸದವರು ಕುರ್ಚಿ ಇಳಿಸಿ ಟೆಂಟಿನ ಕಂಬ ನಿಲ್ಲಿಸುತ್ತಿದ್ದರು. ನಿನ್ನೆ ಸಾಯಂಕಾಲ ಹಿಡಿದ ಜಿನುಗುಮಳೆ ಇನ್ನೂ ಬಿಟ್ಟಿರಲಿಲ್ಲ. ವ್ಯಾನಿನ ಮುಂದಿನ ಎರಡು ದೀಪಗಳೂ ನೆನೆದು, ತೊಳೆದಿಟ್ಟ ಗಾಜಿನ ಲೋಟದ ಹಾಗೆ ಹೊಳೆಯುತ್ತಿದ್ದವು. ಕಿಟಕಿಯಿಂದ ಆ ಹೊಳಪು ಕಂಡೇ ಅವಳು ಎದ್ದು ಬಂದಿದ್ದಳು. ಆ ದೀಪಗಳು ಹೊಳೆಯಬಾರದಾಗಿತ್ತು.

ಒಳಗೆ ಮುಂದಿನ ಕೋಣೆಯಲ್ಲಿ ಮಲಗಿದ್ದವನು ಅವಳ ಗಂಡ. ಬಿಸಿಲಿಗೆ ಬೆಂದು ಹಳದಿಗಟ್ಟಿ ಮಂಜಾದ ಕಾರಿನ ಹೆಡ್‌ಲೈಟುಗಳನ್ನು ಉಜ್ಜಿ ತಿಳಿ ಮಾಡಿಕೊಡುವುದು ಅವನ ಕಸುಬು. ವಾಹನಗಳ ಕಣ್ಣಿನ ಪೊರೆ ತೆಗೆಯುತ್ತಾನೆಂದು ಜನ ಅವನಿಗೆ ಪೊರೆ ಡಾಕ್ಟರ್ ಎಂದು ಹೆಸರಿಟ್ಟಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಆಸಾಮಿ. ಊಟಕ್ಕೆ ಕೂತರೂ ಒಂದು ಮಂಡಿ ಅಲ್ಲಾಡುತ್ತಲೇ ಇರುತ್ತಿತ್ತು. ನಿದ್ದೆಯಲ್ಲೂ ಹೊದಿಕೆ ಒದೆಯುತ್ತಿದ್ದ. ಈಗ ಆ ಬಿಳಿ ಬಟ್ಟೆಯಲ್ಲಿ ಒಂದು ಸುಕ್ಕೂ ಏಳುತ್ತಿರಲಿಲ್ಲ. ಮಿಕ್ಕದ್ದನ್ನೆಲ್ಲ ಹೇಗೋ ಸಹಿಸಬಹುದಿತ್ತು, ಅದೊಂದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

ಟೆಂಟಿನಡಿಯಿಂದ ಮೈದುನನ ದನಿ ಕೇಳಿಸಿತು.

"ನಿನ್ನೆ ಸಾಯಂಕಾಲ ಅಣ್ಣನ ಶೆಡ್ಡಿಗೆ ಬೀಗ ಹಾಕೋಕೆ ಹೋಗಿದ್ದೆ ನೋಡಿ. ವ್ಯಾನು ಹೊರಗೇ ನಿಂತಿತ್ತು. ಎರಡು ಲೈಟೂ ಫಳಫಳ ಅಂತಿತ್ತು. ಒಪ್ಕೊಂಡ ಕೆಲಸ ಮುಗಿಸಿ, ಕೈ ಒರೆಸ್ಕೊಂಡು, ಸ್ಟೂಲ್ ಮೇಲೆ ಕೂತು ಹಾಗೇ ಹೋಗ್ಬಿಟ್ಟಿದಾನೆ ನಮ್ಮಣ್ಣ. ಯಾರಿಗೆ ಸಿಗುತ್ತೆ ಹೇಳಿ ಅಂಥಾ ಸಾವು?"

ಕೇಳಿದವರು ತಲೆದೂಗಿದರು. ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೈದುನ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಯಾವುದಾದರೂ ಹೊತ್ತಿಗೆ ಸರಿಯಾಗಿ ಮುಗಿದರೆ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಣ್ಣನ ಸಾವಿನಲ್ಲೂ ಅಂಥದೊಂದು ಸಿಕ್ಕಿತಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ರಾತ್ರಿ ಕಳೆದಿದ್ದ. ವ್ಯಾನಿನವನಿಗೆ ಫೋನು ಮಾಡಿ, ಬಂದು ಗಾಡಿ ತೆಗೆದುಕೊಂಡು ಹೋಗಿ ಎಂದವನೂ ಅವನೇ.

ಅವಳು ಇಸ್ತ್ರಿಯವಳ ಕೈ ಕೊಡವಿಕೊಂಡು ಮೆಟ್ಟಿಲ ತನಕ ಹೋದಳು. "ಬಾಪ್ಪ ಇಲ್ಲಿ. ಆ ವ್ಯಾನಿನ ಕೆಲಸ ಮುಗಿದಿಲ್ಲ."

ಮೈದುನ ಸುತ್ತ ನೋಡಿ ಹತ್ತಿರ ಬಂದ. "ಅತ್ತಿಗೆ, ನಾನೇ ಕಣ್ಣಾರೆ ನೋಡಿದೀನಿ."

"ನೀನು ನೋಡಿದ್ದು ಮಳೇಲಿ. ಅದು ಒಣಗಲಿ, ಗೊತ್ತಾಗುತ್ತೆ. ಕೋಟು ಬಿದ್ದಿಲ್ಲ ಅದಕ್ಕೆ. ಅವನು ಹಾಗೇ ಓಡಿಸಿದ್ರೆ ಲೈಟು ಮುಂದಕ್ಕೇ ಹೋಗಲ್ಲ, ಅಲ್ಲೇ ಮಂಜಿನ ಹಾಗೆ ಚೆಲ್ಲಿಹೋಗುತ್ತೆ."

"ಆಯ್ತು ಅತ್ತಿಗೆ, ಆಯ್ತು. ನೀವು ಒಳಗಿರಿ." ಆಮೇಲೆ ದನಿ ಇನ್ನೂ ತಗ್ಗಿಸಿದ. "ಎಲ್ಲರಿಗೂ ಹೇಳಿಬಿಟ್ಟಿದೀನಿ ಅತ್ತಿಗೆ. ಅವನ ಹೆಸರಲ್ಲಿ ಈಗ ಇನ್ನೇನಿದೆ ಹೇಳೋಕೆ?"

ಅಷ್ಟರಲ್ಲಿ ಕುರ್ಚಿಯವನು ವ್ಯಾನು ಹತ್ತಿ ಕಿಟಕಿಯಿಂದ ಕೂಗಿದ. "ಸಾಯಂಕಾಲ ಬಂದು ಸಾಮಾನು ಎತ್ಕೋತೀನಿ ಸಾರ್. ಸ್ವಲ್ಪ ಬೇಗ ಬಿಡಿಸಿಕೊಡಿ. ಬೆಟ್ಟದಾಚೆ ನಾಳೆ ಮದುವೆ ಇದೆ, ರಾತ್ರಿನೇ ಘಾಟಿ ಹತ್ತಬೇಕು."

"ರೀ, ನಿಲ್ಲಿ!" ಎಂದು ಅವಳು ಕೂಗಿದಳು. ವ್ಯಾನು ಹೊರಟಾಗಿತ್ತು. ಸುತ್ತಲಿದ್ದವರು ಅವಳು ಗಂಡನನ್ನು ಕರೆಯುತ್ತಿದ್ದಾಳೆಂದುಕೊಂಡು ಅತ್ತರು.

*

ಆ ಕಸುಬು ಇಬ್ಬರದೂ ಆಗಿತ್ತು. ಉಜ್ಜುವುದು ಅವನ ಪಾಲು, ಕೋಟು ಅವಳ ಪಾಲು.

ಉಜ್ಜುವುದು ಅವನ ಚಡಪಡಿಕೆಗೆ ಹೇಳಿ ಮಾಡಿಸಿದ ಕೆಲಸ. ಅವಳು ದೀಪದ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿ ಮುಗಿಸುವ ಮುಂಚೆಯೇ ಅವನು ಉಜ್ಜುವ ವಾಟರ್ ಪೇಪರ್ ನೆನೆಸಿಕೊಂಡು ತುದಿಗಾಲಲ್ಲಿ ನಿಂತಿರುತ್ತಿದ್ದ. ಮೊದಲು ಒರಟು ಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಉಜ್ಜುತ್ತ ಹೋದಂತೆ ಹಳದಿ ಹೋಗಿ ದೀಪ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಗಾಡಿಯವನಿಗೆ ಆಗ ಗಾಬರಿ. ಇದ್ದದ್ದನ್ನೂ ಕೆಡಿಸಿದ್ರಲ್ಲ ಮಾರಾಯ್ರೇ ಎಂದು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ.

ಅದಕ್ಕೇ ಕಾದಿದ್ದವನಂತೆ ಅವನು ಒಂದು ಚೊಂಬು ನೀರು ಎರಚುತ್ತಿದ್ದ. ನೀರು ಬಿದ್ದ ಕೂಡಲೇ ದೀಪ ತಿಳಿ. ಗಾಡಿಯವನ ಮುಖ ಅರಳುತ್ತಿತ್ತು. ನೀರು ಇಳಿದು ಒಣಗಿದರೆ ಮತ್ತೆ ಬಿಳಿ, ಮುಖವೂ ಬಿಳಿ. ಈ ಆಟ ಎಷ್ಟು ಜನರ ಮೇಲೆ ಆಡಿದರೂ ಅವನಿಗೆ ಹೊಟ್ಟೆ ತುಂಬುತ್ತಿರಲಿಲ್ಲ.

"ಸಾಕು ಬಿಡ್ರಿ, ಆ ಮನುಷ್ಯನ ಜೀವ ತೆಗಿಬೇಡಿ" ಎಂದು ಅವಳು ಎದ್ದು ಬರುತ್ತಿದ್ದಳು.

ಕೋಟು ಎಂದರೆ ನೀರಿನಷ್ಟೇ ತಿಳಿಯಾದ, ಘಾಟು ವಾಸನೆಯ ಒಂದು ದ್ರವ. ದೀಪವನ್ನು ಚೂರೂ ತೇವವಿಲ್ಲದಂತೆ ಒರೆಸಿ, ಮಡಿಸಿದ ಬಟ್ಟೆಯನ್ನು ಅದರಲ್ಲಿ ನೆನೆಸಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಎಳೆಯಬೇಕು. ನಡುವೆ ನಿಲ್ಲುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ. ಅವನಿಂದ ಅದು ಒಂದು ದಿನವೂ ಆಗಲಿಲ್ಲ. ಎಳೆದು ಮುಗಿಯುವ ಮುಂಚೆ ಚೆನ್ನಾಗಿ ಬಂತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ. ಅವಳ ಕೈ ಹಾಗಲ್ಲ. ಅವಳು ಎಳೆದಂತೆ ಎಳೆದಂತೆ ಬಿಳಿಯೆಲ್ಲ ಬಟ್ಟೆಯ ಹಿಂದೆಯೇ ಮಾಯವಾಗುತ್ತಿತ್ತು.

ಆಮೇಲೆ ಒಣಗುವ ತನಕ ಮುಟ್ಟಬಾರದು. ಜಗಳವೆಲ್ಲ ಇಲ್ಲೇ.

ಅವನು ಗಾಡಿಗೆ ಒಂದು ಸುತ್ತು ಹಾಕುತ್ತಿದ್ದ. ಪಕ್ಕದ ಡೆಂಟಿಂಗ್ ಶೆಡ್ಡಿಗೆ ಹೋಗಿ ಏನಾದರೂ ಹರಟಿ ಬರುತ್ತಿದ್ದ. ಇನ್ನೊಂದು ಸುತ್ತು. ಅವಳು ಆಚೆ ತಿರುಗಿ ಬಾಟಲಿಯ ಮುಚ್ಚಳ ಹಾಕುವಷ್ಟರಲ್ಲಿ ದೀಪದ ಎಡಗಡೆಯ ಕೆಳಮೂಲೆಗೆ ಹೆಬ್ಬೆರಳು ಒತ್ತಿಯೇಬಿಡುತ್ತಿದ್ದ.

"ಮುಟ್ಟಬೇಡಿ ಅಂದ್ನಲ್ರೀ!"

"ಒಣಗಿದೆಯಾ ಅಂತ ನೋಡಿದೆ ಕಣೇ."

"ನೀವು ಮುಟ್ಟಿದ್ರೆ ಬೇಗ ಒಣಗುತ್ತಾ?"

ಕತ್ತಲಾಗುತ್ತ ಬಂದಾಗ ಗಾಡಿಯನ್ನು ಶೆಡ್ಡಿನ ಎದುರಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ ದೀಪ ಹಾಕಿ ನೋಡುವುದು ರೂಢಿ. ಬೆಳಕು ಗೋಡೆಯನ್ನು ಬೆಳ್ಳಗೆ ಬೆಳಗುತ್ತಿತ್ತು. ಗಾಡಿಯವನು ಖುಷಿಯಾಗಿ ಹೋಗುತ್ತಿದ್ದ. ಅವಳು ಮಾತ್ರ ಗೋಡೆಯ ಮೂಲೆಯಲ್ಲೊಂದು ಸಣ್ಣ ಮಸುಕನ್ನು ಬೆರಳಿಟ್ಟು ತೋರಿಸುತ್ತಿದ್ದಳು. "ನೋಡಿ. ನಿಮ್ಮ ಹೆಬ್ಬೆಟ್ಟು."

"ಎಲ್ಲಿ? ಅದು ನಿನ್ನ ಕಣ್ಣಲ್ಲಿದೆ ಕಣೇ, ಗೋಡೆ ಮೇಲಲ್ಲ" ಎಂದು ನಗುತ್ತಿದ್ದ. ಆ ಕಲೆ ಬೇರೆ ಯಾರಿಗೂ ಯಾವತ್ತೂ ಕಾಣಲಿಲ್ಲ ಎನ್ನುವುದೂ ನಿಜವೇ.

*

ಮಗಳು ಬರುವ ಬಸ್ಸು ತಡವಾಯಿತು. ಅವಳು ಬರುವ ತನಕ ಎತ್ತುವುದು ಬೇಡವೆಂದು ಎಲ್ಲರೂ ಕಾದರು. ಟೀ ಬಂತು, ಹೋಯಿತು. ಮೈದುನ ಗಡಿಯಾರ ನೋಡುತ್ತಿದ್ದ. ಅವಳು ಕಿಟಕಿಯಿಂದ ಆಕಾಶ ನೋಡುತ್ತಿದ್ದಳು. ಬಿಸಿಲು ಬಂದರೆ ಸಾಕಿತ್ತು. ದೀಪ ಒಣಗಿ ಕುರ್ಚಿಯವನಿಗೆ ತಾನೇ ತಿಳಿಯುತ್ತಿತ್ತು. ಮೋಡ ಮಿಸುಕಲಿಲ್ಲ. ಗಂಡ ಜೀವನವಿಡೀ ಜನರ ಮೇಲೆ ಆಡಿದ ಆಟವನ್ನು ಈ ಮಳೆ ಅವನ ತಮ್ಮನ ಮೇಲೇ ಆಡಿತಲ್ಲ ಎಂದುಕೊಂಡಳು. ಅವನಿಗೆ ಇದನ್ನು ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಹೇಳಲು ಒಮ್ಮೆ ಅತ್ತ ತಿರುಗಿಯೂ ತಿರುಗಿದಳು.

ಮಗಳು ಬಂದವಳೇ ಅಪ್ಪನ ಪಾದ ಹಿಡಿದು ಬಹಳ ಹೊತ್ತು ಅತ್ತಳು. ಆಮೇಲೆ ಅಮ್ಮನನ್ನು ತಬ್ಬಿಕೊಂಡಳು. ಅವಳ ಕಿವಿ ಹತ್ತಿರ ಸಿಕ್ಕಿದ್ದೇ ಅಮ್ಮ ಪಿಸುಗುಟ್ಟಿದಳು. "ಕುರ್ಚಿಯವನ ವ್ಯಾನಿಗೆ ಕೋಟು ಹಾಕಿಲ್ಲ. ಹಾಗೇ ಕೊಟ್ಟುಬಿಟ್ಟಿದಾರೆ. ರಾತ್ರಿ ಘಾಟಿ ಹತ್ತುತ್ತಾನಂತೆ."

ಮಗಳು ತಲೆ ಎತ್ತಿದಳು. ಆ ಶೆಡ್ಡಿನಲ್ಲೇ ಬೆಳೆದವಳು. "ಚಿಕ್ಕಪ್ಪ ನೀರಲ್ಲಿ ನೋಡಿದಾರಾ?"

"ಮಳೇಲಿ."

"ಅಯ್ಯೋ ದೇವರೇ." ಮಗಳು ಮೂಗೊರೆಸಿಕೊಂಡು ಹೊರಗೆ ಹೋಗಿ ಚಿಕ್ಕಪ್ಪನ ಹತ್ತಿರ ನಂಬರು ಇಸಿದುಕೊಂಡು ಫೋನು ಮಾಡಿದಳು. ಬಂದು ಹೇಳಿದಳು. "ಆಗಲೇ ಮುಗಿದಿದೆಯಲ್ಲಮ್ಮ, ಚೆನ್ನಾಗೇ ಇದೆ, ನೀವು ದುಃಖದಲ್ಲಿದೀರಿ, ಅದೆಲ್ಲ ಯೋಚನೆ ಮಾಡಬೇಡಿ ಅಂದ. ಸಾಯಂಕಾಲ ಬರ್ತಾನಲ್ಲ, ಹಿಡಿಯೋಣ. ಈಗ ಅಪ್ಪನ ಹತ್ತಿರ ಕೂತ್ಕೋ ಬಾ."

ಅವಳು ಕೂತಳು. ಕೂತಲ್ಲೇ ಮಂಡಿ ಅಲ್ಲಾಡುತ್ತಿತ್ತು. ಅದು ತನ್ನದೇ ಮಂಡಿ ಎಂದು ತಿಳಿದು ಕೈಯಿಂದ ಒತ್ತಿ ಹಿಡಿದುಕೊಂಡಳು.

ಸ್ಮಶಾನದಲ್ಲಿ ಎಲ್ಲರೂ ಕೊಡೆ ಹಿಡಿದು ನಿಂತರು. ಮೈದುನ ಗದ್ಗದವಾಗಿ ಎರಡು ಮಾತಾಡಿದ. ಕೊನೆಯ ಕೆಲಸ ಮುಗಿಸಿದ ಮಾತನ್ನು ಅಲ್ಲೂ ಹೇಳಿದ. ಪಾಪ, ಅವನಿಗೂ ಇದ್ದವನು ಒಬ್ಬನೇ ಅಣ್ಣ. ಮೊದಲ ಹಿಡಿ ಮಣ್ಣು ಹಾಕಿ ಅವಳು ಗುಂಡಿಯ ಅಂಚಿನಲ್ಲಿ ನಿಂತಾಗ, ಆ ದಿನದಲ್ಲಿ ಮೊದಲ ಬಾರಿಗೆ ವ್ಯಾನು ನೆನಪಿನಿಂದ ಹೋಯಿತು. ಕಾಲಡಿಯ ನೆಲವೇ ಹೋದಂತಾಯಿತು. ಮಗಳು ಹಿಡಿದುಕೊಂಡಳು.

*

ಅದರ ಹಿಂದಿನ ದಿನ ಅವಳು ಕೆಲಸಕ್ಕೆ ಹೋಗಿರಲಿಲ್ಲ.

ಜಗಳ ಹಳೆಯದೇ. ಹೆಬ್ಬೆಟ್ಟಿನ ಗುರುತು ಬಿದ್ದ ಒಂದು ಕಾರಿನ ಕೋಟನ್ನು ಅವಳು ಮತ್ತೆ ಉಜ್ಜಿಸಿ ಹೊಸದಾಗಿ ಹಾಕಿದ್ದಳು. ಅದಕ್ಕೂ ಅವನು ಬೆರಳಿಟ್ಟ. ಇಟ್ಟದ್ದಲ್ಲದೆ, ನಿನ್ನ ಕೋಟೇ ಯಾಕೋ ಇತ್ತೀಚೆಗೆ ಬೇಗ ಒಣಗುತ್ತಿಲ್ಲ ಎಂದ. ಅವಳಿಗೆ ಪಿತ್ತ ನೆತ್ತಿಗೇರಿತು.

"ನಾಳೆಯಿಂದ ನೀವೇ ಹಾಕ್ಕೊಳ್ಳಿ. ನಾನು ಬರಲ್ಲ."

ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, ಚಪ್ಪಲಿ ಹಾಕಿ, ತೆಗೆದು, ಮತ್ತೆ ಹಾಕಿ, "ಬರ್ತೀಯಾ?" ಎಂದ. ಅವಳು ಒಗೆಯುವ ಬಟ್ಟೆ ವಿಂಗಡಿಸುತ್ತ ಕೂತಳು. ಮಧ್ಯಾಹ್ನ ಫೋನು ಬಂತು, ಅವಳು ಎತ್ತಲಿಲ್ಲ. ಮತ್ತೆ ಬಂತು. ಮತ್ತೆ. ಕೊನೆಗೆ ಎತ್ತಿದಳು.

"ಕುರ್ಚಿಯವನ ವ್ಯಾನು ಉಜ್ಜಿ ಇಟ್ಟಿದೀನಿ. ಎರಡೂ ಕಣ್ಣು ಹಾಲಿನ ಥರ ಬೆಳ್ಳಗೆ ಕೂತಿವೆ. ಬಂದು ಕೋಟು ಎಳಿಯೇ."

"ನಾಳೆ ಬರ್ತೀನಿ. ಒಂದು ದಿನ ಕಾಯಿರಿ. ಕಾದ್ರೆ ನಿಮ್ಮ ಗಂಟೇನೂ ಹೋಗಲ್ಲ."

"ಕಾಯೋದು ನನ್ನ ಕೈಲಾಗಲ್ಲ ಅಂತ ನಿನಗೆ ಗೊತ್ತಲ್ಲೇ."

"ಗೊತ್ತು. ಕಲೀರಿ" ಎಂದು ಅವಳು ಫೋನು ಇಟ್ಟಿದ್ದಳು. ಇಡುವಾಗ ನಗುತ್ತಲೇ ಇದ್ದಳು. ಜಗಳ ಅಷ್ಟರಲ್ಲಿ ಅರ್ಧ ಕರಗಿತ್ತು. ಅದು ಅವನಿಗೆ ತಿಳಿದಿತ್ತೋ ಇಲ್ಲವೋ, ಇನ್ನು ಕೇಳುವಂತಿರಲಿಲ್ಲ. ಮುಂದಿನ ಫೋನು ಡೆಂಟಿಂಗಿನವನದು.

*

ಸ್ಮಶಾನದಿಂದ ಬರುವಷ್ಟರಲ್ಲಿ ಕುರ್ಚಿಗಳೆಲ್ಲ ವ್ಯಾನು ಸೇರಿದ್ದವು. ಟೆಂಟು ಒಂದು ಬಾಕಿ. ಇಂಜಿನ್ ಓಡುತ್ತಿತ್ತು. ಮಳೆ ಇನ್ನೂ ಜಿನುಗುತ್ತಲೇ ಇತ್ತು. ದೀಪಗಳು ನಗುತ್ತಿದ್ದವು.

"ಬರ್ತೀನಮ್ಮ, ಧೈರ್ಯವಾಗಿರಿ" ಎಂದು ಕುರ್ಚಿಯವನು ಕೈ ಮುಗಿದ.

ಅವಳು ನೆಟ್ಟಗೆ ವ್ಯಾನಿನ ಮುಂದೆ ಹೋಗಿ ನಿಂತಳು. ಮಗಳು ಕೊಡೆ ತಂದು ದೀಪದ ಮೇಲೆ ಹಿಡಿದಳು. ಅವಳು ಮುಷ್ಟಿಯಲ್ಲಿದ್ದ ಕರವಸ್ತ್ರದಿಂದ ಒಂದು ದೀಪವನ್ನು ಒರೆಸತೊಡಗಿದಳು. ದಿನವಿಡೀ ಅತ್ತು ಅತ್ತು ಕರವಸ್ತ್ರವೂ ಒದ್ದೆ; ಒರೆಸಿದಷ್ಟೂ ತೇವ. ಮೈದುನ ಧಾವಿಸಿ ಬಂದ. "ಅತ್ತಿಗೆ, ಜನ ನೋಡ್ತಿದಾರೆ."

ಆಗ ಇಸ್ತ್ರಿ ಅಂಗಡಿಯವಳಿಗೆ ಏನನ್ನಿಸಿತೋ. ಅಂಗಡಿಗೆ ಓಡಿ, ಆಗಷ್ಟೇ ಇಸ್ತ್ರಿ ಪೆಟ್ಟಿಗೆಯಡಿಯಿಂದ ತೆಗೆದ ಬಿಸಿ ಬಿಸಿ ಬಟ್ಟೆ ತಂದು ಅವಳ ಕೈಗಿಟ್ಟಳು.

ಆ ಬಟ್ಟೆ ದೀಪದ ಮೇಲೆ ಎರಡು ಸಲ ಹೋಯಿತು. ತಿಳಿ ದೀಪ ಎಲ್ಲರ ಕಣ್ಣೆದುರಿಗೇ ನಿಧಾನವಾಗಿ ಬೆಳ್ಳಗಾಯಿತು. ಪಕ್ಕದ ದೀಪ ಮಳೆಯಲ್ಲಿ ಹೊಳೆಯುತ್ತಿತ್ತು. ಇದು ಕುರುಡು ಕಣ್ಣಿನಂತೆ ಕೂತಿತ್ತು.

ಕುರ್ಚಿಯವನು ಇಳಿದು ಬಂದು ಬಗ್ಗಿ ನೋಡಿದ. ಮುಟ್ಟಿ ನೋಡಿದ. "ಇದರಲ್ಲಿ ನಾನು ಘಾಟಿ ಹತ್ತುತ್ತಿದ್ನಾ?" ಎಂದ. ಯಾರನ್ನು ಕೇಳಿದನೋ ಗೊತ್ತಾಗಲಿಲ್ಲ.

ಎಲ್ಲರೂ ಮೈದುನನ ಕಡೆ ನೋಡಬಾರದೆಂದು ಬೇರೆಲ್ಲೆಲ್ಲೋ ನೋಡಿದರು. ಅವನ ಮುಖ ಇಳಿದುಹೋಗಿತ್ತು. "ಮುಗಿಸಿರಲಿಲ್ವಾ ಅತ್ತಿಗೆ ಅಣ್ಣ?" ಎಂದ, ಚಿಕ್ಕ ಹುಡುಗ ಕೇಳಿದ ಹಾಗೆ.

"ಅವರ ಕೆಲಸ ಅವರು ಮುಗಿಸಿದಾರಪ್ಪ. ಉಳಿದಿರೋದು ನನ್ನದು." ಅವಳು ಅವನ ಭುಜ ಮುಟ್ಟಿದಳು. "ಶೆಡ್ಡಿನ ಬೀಗದಕೈ ನಿನ್ನ ಹತ್ತಿರಾನೇ ಇದೆಯಲ್ಲ. ಕಿಟಕಿ ಮೇಲೆ ನೀಲಿ ಮುಚ್ಚಳದ ಬಾಟಲಿ, ಪಕ್ಕದಲ್ಲಿ ಮಡಿಸಿದ ಬಿಳಿ ಬಟ್ಟೆ. ತಗೊಂಡು ಬಾ."

ಟೈಮ್ ಕೀಪರ್ ಮಳೆಯಲ್ಲೇ ಓಡಿದ. ಅವನು ಓಡಿದ್ದನ್ನು ಆ ಬೀದಿಯವರು ಹಿಂದೆಂದೂ ನೋಡಿರಲಿಲ್ಲ.

ಟೆಂಟು ಬಿಚ್ಚಬೇಡಿ ಎಂದು ಅವಳು ಕೆಲಸದವರಿಗೆ ಹೇಳಿದಳು. ವ್ಯಾನಿನ ಮೂತಿಯನ್ನು ಟೆಂಟಿನೊಳಗೆ ತರಿಸಿ, ಮನೆಗೆ ಮುಖ ಮಾಡಿ ನಿಲ್ಲಿಸಿದರು. ಇಂಜಿನ್ ಆರಿಸಿದರು. ಬೆಳಿಗ್ಗೆ ಜನ ಕೂತಿದ್ದ ಜಾಗದಲ್ಲಿ ಈಗ ವ್ಯಾನು ಕೂತಿತು. ಇಸ್ತ್ರಿಯವಳು ಬಿಸಿ ಬಟ್ಟೆ ತರುತ್ತಲೇ ಇದ್ದಳು. ಮಗಳು ಮನೆಯಲ್ಲಿದ್ದ ಟೇಪು ತಂದು ಅಂಟಿಸಿದಳು, ಅಮ್ಮನಷ್ಟು ನೆಟ್ಟಗಲ್ಲದಿದ್ದರೂ ನಡೆಯುವಂತೆ. ಎರಡೂ ದೀಪ ಒಣಗಿ ಹಾಲಾದವು. ಅವನು ಫೋನಿನಲ್ಲಿ ಹೇಳಿದ್ದ ಹಾಗೇ.

ಅವಳು ಹತ್ತಿರ ಬಗ್ಗಿ ನೋಡಿದಳು. ಅಷ್ಟು ಸಮನಾಗಿ ಅವನು ಹಿಂದೆ ಯಾವತ್ತೂ ಉಜ್ಜಿರಲಿಲ್ಲ. ಅವಳಿಗಾಗಿ ಕಾಯುತ್ತ, ಕಾಯಲಾಗದೆ, ಉಜ್ಜಿದ್ದನ್ನೇ ಮತ್ತೆ ಮತ್ತೆ ಉಜ್ಜಿದ್ದ.

ಮೈದುನ ಏದುಸಿರು ಬಿಡುತ್ತ ಬಾಟಲಿ ತಂದುಕೊಟ್ಟ. ಅವಳು ಬಟ್ಟೆ ನೆನೆಸಿದಳು. ಬೆಳಗಿನಿಂದ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಒದ್ದಾಡಿದ ಮೈ ಅವಳದು. ಬಟ್ಟೆಯನ್ನು ದೀಪದ ತುದಿಗೆ ಇಟ್ಟ ಮೇಲೆ ಮಾತ್ರ ಕೈ ತನ್ನ ಹಾದಿ ತಾನು ಹಿಡಿಯಿತು. ಒಂದೇ ಎಳೆತ. ಬಿಳಿ ಹೋಯಿತು. ಇನ್ನೊಂದು ದೀಪ, ಇನ್ನೊಂದು ಎಳೆತ. ನೋಡುತ್ತಿದ್ದವರ ಬಾಯಿಂದ ಸಣ್ಣಗೆ ಹಾ ಎಂದು ಬಂತು.

ಅವಳು ಬಾಟಲಿಯ ಮುಚ್ಚಳ ಹಾಕಲು ಆಚೆ ತಿರುಗಿದಳು. ತಿರುಗಿದವಳೇ, ಬೆನ್ನ ಹಿಂದಕ್ಕೆ ಗದರಿದಳು. "ಮುಟ್ಟಬೇಡಿ ಅಂದ್ನಲ್ರೀ!"

ಕುರ್ಚಿಯವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಅವನು ಹೇಗೂ ದೂರವೇ ನಿಂತಿದ್ದ. ವ್ಯಾನಿನ ಹತ್ತಿರ ಯಾರೂ ಇರಲಿಲ್ಲ. ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಒಣಗುವ ತನಕ ಎಲ್ಲರೂ ಕಾದರು. ಅವಳು ವ್ಯಾನಿಗೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಕತ್ತಲು ಇಳಿಯಿತು.

"ಈಗ ಹಾಕಿ" ಎಂದಳು.

ಕುರ್ಚಿಯವನು ದೀಪ ಹಾಕಿದ. ಮನೆಯ ಮುಂಗೋಡೆ ಬೆಳ್ಳಗೆ ಬೆಳಗಿತು. ತೆರೆದ ಬಾಗಿಲಿನಿಂದ ಬೆಳಕು ಮುಂದಿನ ಕೋಣೆಗೂ ನುಗ್ಗಿ, ಅವನನ್ನು ಮಲಗಿಸಿದ್ದ ಬರಿ ನೆಲವನ್ನು ತೋರಿಸಿತು. "ಭೇಷ್" ಎಂದು ಯಾರೋ ಅಂದರು. ಅವಳು ಗೋಡೆಯ ಹತ್ತಿರ ಹೋದಳು. ಬಗ್ಗಿ ಮೂಲೆ ನೋಡಿದಳು. ಅಂಗೈಯಿಂದ ಸವರಿ ನೋಡಿದಳು.

"ಏನಮ್ಮ, ಏನಾದ್ರೂ ಕಲೆ ಉಳಿದಿದೆಯಾ?" ಎಂದು ಕುರ್ಚಿಯವನು ಕೂಗಿ ಕೇಳಿದ.

"ಒಂದು ಸಲ ಆರಿಸಿ ಹಾಕಿ."

ಅವನು ಆರಿಸಿದ. ಹಾಕಿದ.

"ಇನ್ನೊಂದು ಸಲ."

ಅವನು ಮತ್ತೆ ಹಾಕಿದ. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಸ್ವಚ್ಛವಾಗಿತ್ತು. ಎಡಗಡೆಯ ಕೆಳಮೂಲೆಯಲ್ಲೂ ಬರೀ ಬೆಳಕಿತ್ತು.